ಬೆಟ್ಟದ ದಾಯಾದಿಗಳಿಗೆ ಪಾಲು ಕೊಟ್ಟ ಗಿರಿಯ

ಕೇಳಿ, ಇದು ಅಜ್ಜಿ ಕಾಲದ ಮಾತಲ್ಲ, ಊರಿಗೆ ಕರೆಂಟು ಬಂದ ಮೇಲಿನದು. ಬಂಡೆಬೆಟ್ಟದ ಬುಡದಲ್ಲಿ ಕೆಂಚಮ್ಮ ಅಂತ ಒಬ್ಬಳಿದ್ದಳು. ಗಂಡ ಇಲ್ಲ. ಇದ್ದದ್ದು ಒಂದು ಕಡಲೆಕಾಯಿ ಹೊಲ, ಒಬ್ಬ ಮಗ. ಮಗನ ಹೆಸರು ಮೂಡಲಗಿರಿ, ಎಲ್ಲರೂ ಕರೆಯುವುದು ಗಿರಿಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಇಂಥ ಮಗ ಹುಟ್ಟಲಿ ಅಂತ ಎಷ್ಟೋ ತಾಯಂದಿರು ಹರಕೆ ಹೊರುತ್ತಾರೆ. ಕೆಂಚಮ್ಮನಿಗೆ ಹರಕೆಯಿಲ್ಲದೆ ಸಿಕ್ಕಿದ್ದ, ಅವಳು ದಿನಾ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

“ನಾನು ಸತ್ತ ಮೇಲೆ ಇವನಿಗೆ ಒಂದು ತುತ್ತು ಇಕ್ಕೋರು ಯಾರು?” ಅವಳಿಗಿದ್ದ ಚಿಂತೆ ಅದೊಂದೇ.

ಪಕ್ಕದೂರಿನಲ್ಲಿ ಸಾಕಮ್ಮ ಅಂತ ಒಂದು ಹುಡುಗಿ ಇತ್ತು. ಬಲು ಚುರುಕು. “ಪೆದ್ದ ಆದ್ರೆ ಆಗ್ಲಿ, ಕುಡಿಯಲ್ಲ ತಾನೆ” ಅಂತ ಗಿರಿಯನನ್ನು ಮದುವೆಯಾಗಲು ಒಪ್ಪಿದ್ದಳಂತೆ. ಕಡಲೆಕಾಯಿ ಕಿತ್ತ ಮೇಲೆ ವೀಳ್ಯ ಬದಲಾಯಿಸೋಣ ಅಂತ ಮಾತಾಗಿತ್ತು. ಅಲ್ಲಿಯವರೆಗೆ ಹೊಲ ಮಂಗಗಳ ಪಾಲಾಗಬಾರದು, ಮಗ ನಗೆಪಾಟಲಾಗಬಾರದು. ಕೆಂಚಮ್ಮ ದೇವರಲ್ಲಿ ಬೇಡಿಕೊಂಡದ್ದು ಅಷ್ಟೇ. ದೇವರಿಗೂ ಕೆಲವು ಸಲ ಕೈಲಾಗುವುದಿಲ್ಲ.

ಹೊಲ ಕಾಯಲು ಹೊರಟ ಗಿರಿಯ ಶಾಲೆಯ ಕಿಟಕಿ ಪಕ್ಕ ಹಾದ. ಒಳಗೆ ಮಕ್ಕಳು ರಾಗವಾಗಿ ಕೂಗುತ್ತಿದ್ದವು, “ಮಂಗನಿಂದ ಮಾನವ, ಮಂಗನಿಂದ ಮಾನವ.” ಮೇಷ್ಟ್ರು ಬಂದು ಅದನ್ನು ತಿದ್ದುವ ಹೊತ್ತಿಗೆ ಗಿರಿಯ ತಿರುಗಿ ಮನೆಗೆ ಬಂದಿದ್ದ.

“ಅವ್ವಾ, ನಮ್ಮ ಹಿರೀಕರು ಬಂದ್ರೆ ಏನು ಮಾಡ್ಬೇಕು?”

ಕೆಂಚಮ್ಮ ರಾಗಿ ಬೀಸುತ್ತಿದ್ದಳು. ತಲೆ ಎತ್ತಲಿಲ್ಲ. “ಕಾಲಿಗೆ ನೀರು ಕೊಡು, ಕಂಬಳಿ ಹಾಸು, ಎಡೆ ಇಟ್ಟು ಕೈ ಮುಗಿ. ಇನ್ನೇನು ಮಾಡ್ತೀಯ.”

ಗಿರಿಯ ಹೊಲಕ್ಕೆ ಹೋದ. ಬೆಟ್ಟದಿಂದ ಮಂಗಗಳು ಇಳಿದವು. ಕಾಲಿಗೆ ನೀರು ಕೊಟ್ಟ. ಕಂಬಳಿ ಹಾಸಿದ. ಕಡಲೆ ಗಿಡ ಕಿತ್ತು, ಕಾಯಿ ಸುಲಿದು, ಮುತ್ತುಗದ ಎಲೆ ಮೇಲೆ ಎಡೆ ಇಟ್ಟು ಕೈ ಮುಗಿದ. ಸಂಜೆ ಕೆಂಚಮ್ಮ ಬಂದು ನೋಡುತ್ತಾಳೆ, ಹೊಲದ ಒಂದು ಮೂಲೆ ಬರಿದು.

“ಯಾಕ್ಲಾ ಹಿಂಗೆ ಮಾಡ್ದೆ?”

“ವರ್ಷಾ ವರ್ಷಾ ಅಪ್ಪನ ಫೋಟೋ ಮುಂದೆ ಎಡೆ ಇಡ್ತೀವಿ, ಯಾರೂ ತಿನ್ನಲ್ಲ. ಈ ಸಲ ಹಿರೀಕರೇ ಬಂದು ತಿಂದ್ರು ಕಣವ್ವ. ಅಜ್ಜಂಗೆ ಹಲ್ಲು ಇನ್ನೂ ಗಟ್ಟಿಯಾಗವೆ.”

ಕೆಂಚಮ್ಮ ಅವನ ಕಿವಿ ಹಿಡಿದು ಪಾಲಾಕ್ಷಯ್ಯ ಮೇಷ್ಟ್ರ ಮನೆಗೆ ಎಳೆದುಕೊಂಡು ಹೋದಳು. ಮೇಷ್ಟ್ರು ಒಳ್ಳೆಯವರು. ತಿಳಿಯಹೇಳಿದರೆ ಯಾರಿಗಾದರೂ ತಿಳಿಯುತ್ತದೆ ಅಂತ ನಂಬಿದ್ದವರು.

“ಈ ಮಂಗಗಳು ನಿನ್ನ ಅಜ್ಜ ಅಲ್ಲ ಕಣೋ ಗಿರಿಯ. ಅವುಗಳ ಮೂಲಪುರುಷನೂ ನಮ್ಮ ಮೂಲಪುರುಷನೂ ಒಬ್ಬನೇ. ಅವನು ಮಂಗವೂ ಅಲ್ಲ, ಮನುಷ್ಯನೂ ಅಲ್ಲ. ಅವನಿಂದ ಅವುಗಳದ್ದೊಂದು ಕವಲು, ನಮ್ಮದೊಂದು ಕವಲು. ನಮಗೆ ಅವು ದಾಯಾದಿಗಳಿದ್ದ ಹಾಗೆ.”

ದಾರಿಯಲ್ಲಿ ಗಿರಿಯ ಕೇಳಿದ, “ಅವ್ವಾ, ದಾಯಾದಿ ಬಂದ್ರೆ ಏನು ಮಾಡ್ಬೇಕು?”

ಕೆಂಚಮ್ಮನಿಗೆ ತನ್ನ ಭಾವನ ನೆನಪಾಯಿತು, ಮೈ ಉರಿಯಿತು. “ಅವರ ಪಾಲು ಅವರ ಮುಖಕ್ಕೆ ಬಿಸಾಕಿ ದೂರ ಇಡ್ಬೇಕು.”

ಗಿರಿಯ ಮರುದಿನ ಹಗ್ಗ ಹಿಡಿದು ಹೊಲ ಅಳೆದ. ನಟ್ಟನಡುವೆ ಕಲ್ಲು ನೆಟ್ಟ. ಪಾಲು ಮಾಡಿದವನು ಮೊದಲು ಆರಿಸಬಾರದು, ಎದುರು ಕಡೆಯವರೇ ಆರಿಸಬೇಕು ಅಂತ ಊರಲ್ಲಿ ಪದ್ಧತಿ. ಗಿರಿಯ ಪದ್ಧತಿ ಮೀರುವವನಲ್ಲ. “ನಿಮಗೆ ಯಾವ್ದು ಬೇಕೋ ತಗೊಳ್ರಪ್ಪ” ಅಂತ ಬದುವಿನ ಮೇಲೆ ಕೂತ. ಮಂಗಗಳು ಎರಡನ್ನೂ ಆರಿಸಿಕೊಂಡವು.

ಕೆಂಚಮ್ಮ ಬರುವ ಹೊತ್ತಿಗೆ ಅರ್ಧ ಹೊಲ ಹೋಗಿತ್ತು. ಅವಳು ಬೈದಳು, ಅತ್ತಳು, ಮತ್ತೆ ಬೈದಳು. ಮತ್ತೆ ಮೇಷ್ಟ್ರ ಮನೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ದಾಯಾದಿ ಅಂದದ್ದು ಒಂದು ಮಾತಿಗೆ ಕಣಯ್ಯ. ಬೇರೆಯಾಗಿ ಕೋಟಿ ವರ್ಷದ ಮೇಲಾಯ್ತು. ಪಾಲೂ ಇಲ್ಲ, ಸೂತಕವೂ ಇಲ್ಲ, ಅಷ್ಟು ದೂರ. ಆಮೇಲೆ ಎಷ್ಟೋ ಕಾಲಕ್ಕೆ ನಮ್ಮ ಕವಲಿನವರು ಎರಡು ಕಾಲ ಮೇಲೆ ನೆಟ್ಟಗೆ ನಿಂತು ನಡೆದರು.”

ಕೆಂಚಮ್ಮನಿಗೆ ಇದು ಹಿಡಿಸಿತು. “ಕೇಳಿಸ್ಕೊಂಡೇನ್ಲಾ? ನೆಟ್ಟಗೆ ನಡೆದು ಬಂದೋರು ನೆಂಟರು, ಮನೆಗೆ ಕರ್ಕೊಂಡು ಬಾ. ಬಗ್ಗಿ ಕಾಯಿ ಕೀಳೋದು ಮಂಗ, ಕಲ್ಲು ಹೊಡಿ.”

“ಆಯ್ತವ್ವ.”

ಅದೇ ವಾರ ಹುಡುಗಿಯ ಸೋದರಮಾವ ಚಿಕ್ಕರಂಗಪ್ಪ, ಸಂಬಂಧ ಗಟ್ಟಿಯಾಗುವ ಮುಂಚೆ ಹೊಲ ಹೆಂಗಿದೆಯೋ ನೋಡಿಬಿಡೋಣ ಅಂತ ಯಾರಿಗೂ ಹೇಳದೆ ಬಂದ. ಸೊಂಟ ನೋವಿನವನು, ಕಂಬಳಿ ಹೊದ್ದಿದ್ದ. ಕಾಯಿ ಬಲಿತಿದೆಯೋ ಇಲ್ಲವೋ ಅಂತ ಬಗ್ಗಿ ಒಂದು ಗಿಡ ಕಿತ್ತ. ಗಿರಿಯ ಕಲ್ಲು ಹೊಡೆದ.

ಚಿಕ್ಕರಂಗಪ್ಪ ಬಗ್ಗಿಕೊಂಡೇ ಓಡಿದ. ಪಾಪ, ಅವನಿಗೆ ನೆಟ್ಟಗೆ ಓಡಲು ಬರುತ್ತಿರಲಿಲ್ಲ. ಅವನು ಬಗ್ಗಿದಷ್ಟೂ ಗಿರಿಯನಿಗೆ ಅನುಮಾನ ಹೋಗುತ್ತಾ ಬಂತು.

ಅಷ್ಟರಲ್ಲಿ ಒಂದು ದಪ್ಪ ಮಂಗ ಎರಡೂ ಕೈ ತುಂಬ ಕಾಯಿ ಅಪ್ಪಿಕೊಂಡು, ಹಿಂಗಾಲ ಮೇಲೆ ನೆಟ್ಟಗೆ ನಡೆದು ಬಂತು. ಗಿರಿಯ ಕಲ್ಲು ಕೆಳಗಿಟ್ಟು ಕೈ ಮುಗಿದ. ದಾರಿಯುದ್ದಕ್ಕೂ ಕಾಯಿ ಕೊಡುತ್ತಾ ಮನೆಗೆ ಕರೆದುಕೊಂಡು ಬಂದ. ಜಗಲಿಯ ಮೇಲೆ ಚಿಕ್ಕರಂಗಪ್ಪ ಹಣೆಗೆ ಅರಿಶಿನ ಮೆತ್ತಿಸಿಕೊಂಡು ಮಂಚದ ಮೇಲೆ ಕೂತಿದ್ದ.

“ಅವ್ವಾ, ನೆಂಟರು ಬಂದವ್ರೆ. ಮಂಚ ಬಿಡಿಸು.”

ಮಂಗ ಮಂಚ ಹತ್ತಿತು, ಚಿಕ್ಕರಂಗಪ್ಪ ಇಳಿದ. ಕೆಂಚಮ್ಮ ಅವನ ಕಾಲು ಹಿಡಿದುಕೊಂಡಳು. ಅವಳ ಕಣ್ಣೀರು ನೋಡಿ ಆ ಮುದುಕ ಕರಗಿದ. “ಹೋಗ್ಲಿ ಬಿಡಮ್ಮ. ಗುರಿ ಚೆನ್ನಾಗೈತೆ. ಹೊಲ ಕಾಯ್ತಾನೆ” ಅಂದ. ಮಂಗವನ್ನು ಓಡಿಸುವ ಹೊತ್ತಿಗೆ ಕತ್ತಲಾಯಿತು.

ಉಳಿದ ಕಾಯಿ ಕಿತ್ತಾದ ಮೇಲೆ ಮೂರನೇ ಸಲ ಇವರನ್ನು ಕಂಡಾಗ ಮೇಷ್ಟ್ರ ಮುಖ ಸಣ್ಣದಾಯಿತು.

“ಗಿರಿಯ, ಮಂಗಗಳ ವಿಷಯ ಬಿಟ್ಟುಬಿಡು. ಮನುಷ್ಯರ ವಿಷಯ ಕೇಳು. ಬಗ್ಗಿರಲಿ, ನೆಟ್ಟಗಿರಲಿ, ಕರ್ರಗಿರಲಿ, ಬೆಳ್ಳಗಿರಲಿ, ಮನುಷ್ಯರೆಲ್ಲ ಒಂದೇ. ಹಿಂದಕ್ಕೆ ಹಿಂದಕ್ಕೆ ಹೋದರೆ ನಾವೆಲ್ಲ ಒಬ್ಬಳೇ ತಾಯಿಯ ಸಂತತಿ.”

“ಅದು ಒಳ್ಳೇ ಮಾತು” ಅಂದಳು ಕೆಂಚಮ್ಮ. “ನಾಳೆ ವೀಳ್ಯಕ್ಕೆ ಬತ್ತಾರೆ. ಕೇಳಿದ್ರೆ ಇದೊಂದು ಮಾತು ಆಡು. ಬೇರೆ ಬಾಯಿ ಬಿಡಬೇಡ.”

“ಆಯ್ತವ್ವ.”

ಹೆಣ್ಣಿನ ಕಡೆಯವರು ಸಾಕಮ್ಮನನ್ನೂ ಕರೆದುಕೊಂಡು ಬಂದರು. ಚಾಪೆ ಹಾಸಿದರು, ವೀಳ್ಯದ ತಟ್ಟೆ ಇಟ್ಟರು, ಪಕ್ಕದಲ್ಲಿ ಕೆಂಚಮ್ಮ ತಂದಿದ್ದ ಹಸಿರು ಸೀರೆ. ಹುಡುಗಿಯ ಅಪ್ಪ ತಿಮ್ಮರಾಯಪ್ಪ ಶಾಸ್ತ್ರಕ್ಕೆ ಬೆಡಗು ಕೇಳಬೇಕು. ಒಂದೇ ಬೆಡಗಿನವರು ಒಂದೇ ಬಳ್ಳಿಯವರು, ಅಣ್ಣತಂಗಿ ಲೆಕ್ಕ, ಮದುವೆ ಕೂಡದು. ಕೆಂಚಮ್ಮ ಬಾಯಿ ತೆರೆದಳು. “ಹುಡುಗನೇ ಹೇಳ್ಲಿ, ದನಿ ಕೇಳೋಣ” ಅಂದ ತಿಮ್ಮರಾಯಪ್ಪ. “ಯಾವ ಬೆಡಗಪ್ಪ ನಿಮ್ದು?”

“ನಿಮ್ಮದೇ” ಅಂದ ಗಿರಿಯ. “ನಾವೆಲ್ಲ ಒಬ್ಬಳೇ ತಾಯಿಯ ಸಂತತಿ.”

ತಿಮ್ಮರಾಯಪ್ಪ ಎತ್ತಿದ್ದ ಎಲೆ ಕೆಳಗಿಟ್ಟ. ಕೆಂಚಮ್ಮ, “ಇಲ್ಲ ಕಣಣ್ಣ, ನಮ್ದೇ ಬೇರೆ, ನಿಮ್ದೇ ಬೇರೆ” ಅಂತ ಬಡಕೊಂಡಳು.

ಇದು ಮೇಷ್ಟ್ರ ಪಾಠ ಅಂತ ಸಾಕಮ್ಮನಿಗೆ ಗೊತ್ತಾಯಿತು. ನಗು ತಡೆದುಕೊಂಡು, ಇವನನ್ನು ದಡ ಹತ್ತಿಸಲು ನೋಡಿದಳು. “ಹಂಗಾದ್ರೆ ನಮ್ಮಪ್ಪ ನಮ್ಮವ್ವನೂ ಒಬ್ಬಳೇ ತಾಯಿಯ ಸಂತತೀನೇ ಅಲ್ವಾ? ಅವರು ಮದುವೆ ಆಗಿಲ್ವಾ?”

ಬೇರೆ ಯಾರಾದರೂ “ಹೌದಲ್ವಾ” ಅಂತ ನಕ್ಕು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಿರಿಯ ತಿಮ್ಮರಾಯಪ್ಪನನ್ನೂ ಅವನ ಹೆಂಡತಿಯನ್ನೂ ಮರುಕದಿಂದ ನೋಡಿದ.

“ಪಾಪ, ಅವ್ರಿಗೆ ಯಾರೂ ಹೇಳಿರಲಿಲ್ಲ.”

ಆಮೇಲೆ ಎದ್ದು ಹಸಿರು ಸೀರೆ ತೆಗೆದು ಸಾಕಮ್ಮನ ಮಡಿಲಿಗಿಟ್ಟ. ಒಬ್ಬನೇ ಬೆಳೆದವನು, ತಂಗಿ ಸಿಕ್ಕಿದ್ದು ಅವನಿಗೆ ನಿಜವಾಗಿ ಸಂತೋಷವಾಗಿತ್ತು. “ಹಬ್ಬಕ್ಕೆಲ್ಲ ತವರಿಗೆ ಬಾ ಕಣಮ್ಮ” ಅಂದ. ಕೆಂಚಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಎಲ್ಲರೆದುರು ತಂಗಿ ಅಂದ ಮೇಲೆ ಆ ಸಂಬಂಧ ಮುಗಿಯಿತು, ಅದನ್ನು ಯಾವ ಮೇಷ್ಟ್ರೂ ತಿದ್ದಲಾರರು.

“ಎಲ್ರೂ ಅಣ್ಣತಮ್ಮಂದಿರೇ ಆದ್ರೆ ನಮ್ಮ ಹುಡುಗಿಗೆ ಗಂಡು ಎಲ್ಲಿಂದ ತರೋಣಪ್ಪ?” ಚಿಕ್ಕರಂಗಪ್ಪ ಕೊಂಕಾಗಿಯೇ ಕೇಳಿದ್ದು.

ಗಿರಿಯ ಕೊಂಕು ಅರಿಯದವನು. ಅಣ್ಣನಾದ ಮೇಲೆ ಜವಾಬ್ದಾರಿ ಅಂತ ಯೋಚನೆ ಮಾಡಿದ.

“ಮನುಷ್ಯರಲ್ಲಿ ಸಿಗಲ್ಲ ಮಾವ. ಬೇರೆಯಾಗಿ ಕೋಟಿ ವರ್ಷ ಆಗಿರೋ ಮನೆ ಒಂದೈತೆ. ಸೂತಕವೂ ಇಲ್ಲ, ಅಷ್ಟು ದೂರ. ಅದರಲ್ಲಿ ಒಬ್ಬ ನೆಟ್ಟಗೆ ನಡೀತಾನೆ, ನೀವೂ ನೋಡಿದ್ದೀರಿ. ಕೇಳ್ಕೊಂಡು ಬತ್ತೀನಿ.”

ಹೇಳಿ ಬೆಟ್ಟದ ಕಡೆ ಹೊರಟ. ವೀಳ್ಯದ ತಟ್ಟೆಯನ್ನೂ ಎತ್ತಿಕೊಂಡು ಹೋದ. ಸಂಬಂಧ ಕೇಳಲು ಬರಿಗೈಲಿ ಹೋಗಬಾರದು ಅಂತ ಅವ್ವ ಹೇಳಿಕೊಟ್ಟಿದ್ದಳು.