ಹತ್ತೂವರೆ ಗಂಟೆಯ ದಾರಿ

ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಇಳಿಸಿದ ಕೂಡಲೇ ರಸಪುರಿ ಮಾವು ಗೋಡೆಯ ವೇಳಾಫಲಕವನ್ನು ಕೇಳಿತು: “ಅಣ್ಣಾ, ಲಂಡನ್ನಿಗೆ ಎಷ್ಟು ಹೊತ್ತು? ನಾನು ಮೂರು ದಿನಕ್ಕಿಂತ ಹೆಚ್ಚು ತಡೆಯಲಾರೆ.”

“ಎಂಟು ಸಾವಿರ ಕಿಲೋಮೀಟರ್. ಹತ್ತೂವರೆ ಗಂಟೆ. ನಿಶ್ಚಿಂತೆಯಿಂದಿರು.”

ರಫ್ತಿನ ಕಾಗದಕ್ಕೆ ಮೊಹರು ಒತ್ತುವವನು ತಂಗಿಯ ಮದುವೆಗೆ ಹೋಗಿದ್ದ. ಮೂರನೆಯ ದಿನ ಬಂದವನು ನೀಲಿ ಹಾಳೆ ನೋಡಿ, ಹಳದಿ ಹಾಳೆ ತನ್ನಿ ಎಂದ. ಮರುದಿನ ಅದು ಬರುವಷ್ಟರಲ್ಲಿ ಆ ದಿನದ ವಿಮಾನವೂ ಹೋಗಿತ್ತು.

ಮಾವು ಮೆತ್ತಗಾಗಿತ್ತು. “ಈ ದಿನಗಳನ್ನು ನೀನು ಹೇಳಲೇ ಇಲ್ಲವಲ್ಲ, ಅಣ್ಣಾ?”

“ನೆಲದ ಸಂಗತಿ ನನಗೇಕೆ? ಹಾರಿದ ಮೇಲೆ ಒಂದು ನಿಮಿಷ ತಡವಾದರೆ ಬಂದು ಕೇಳು.”

ಐದನೆಯ ದಿನ ಹಾರಿದ ವಿಮಾನ ಹತ್ತು ನಿಮಿಷ ಮೊದಲೇ ಲಂಡನ್ ಮುಟ್ಟಿತು. ಮಾವಿನ ಪೆಟ್ಟಿಗೆಯನ್ನು ಅಲ್ಲಿ ನೇರವಾಗಿ ಕಸಕ್ಕೆ ಹಾಕಿದರು.