ಉಗ್ರಾಣ ಸೇರಿದ ತಿಂಡಿ ಬೋರ್ಡು

ಹೋಟೆಲ್ ಮಾಲೀಕ ಮಹಾರುದ್ರಪ್ಪ ಗಲ್ಲಾದಲ್ಲಿ ಕೂರುವ ಚೆನ್ನವೀರನಿಗೆ ಕಟ್ಟಪ್ಪಣೆ ಮಾಡಿದ: "ಅಳಿಯ ಮಾಡಿದ ನಮ್ಮ ವೆಬ್‌ಸೈಟು ಎದುರು ಹೋಟೆಲಿನದಕ್ಕಿಂತ ಚೆಂದ ಅಂತ ನಾಳೆ ಸಂಜೆ ಬರೋ ಬೀಗರ ಮುಂದೆ ಹೇಳಬೇಕು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ."

ಚೆನ್ನವೀರ ಫೋನಿನಲ್ಲಿ ಎರಡೂ ವೆಬ್‌ಸೈಟು ತೆರೆದು ನೋಡಿದ. ಹೌದೆಂದರೆ ವ್ಯಾಪಾರ ಹೋಗುತ್ತದೆ, ಇಲ್ಲವೆಂದರೆ ಅನ್ನ ಹೋಗುತ್ತದೆ.

ಮರುದಿನ ಬೆಳಿಗ್ಗೆ ಅವನು ಬಾಗಿಲಲ್ಲಿದ್ದ ತಿಂಡಿ ಬೋರ್ಡನ್ನು ಉಗ್ರಾಣದಲ್ಲಿಟ್ಟ. ಬಂದ ಗಿರಾಕಿಗಳು ಆಚೀಚೆ ನೋಡಿ ಎದುರು ಹೋಟೆಲಿಗೆ ನಡೆದರು.

"ಬೋರ್ಡೆಲ್ಲೋ?" ಮಾಲೀಕ ಗುಡುಗಿದ.

ಚೆನ್ನವೀರ ಗಲ್ಲಾದಿಂದ ಎದ್ದು ನಿಂತ. "ಎದುರಿನವರ ವೆಬ್‌ಸೈಟಲ್ಲಿ ತಿಂಡಿಪಟ್ಟಿ ಮೊದಲ ಪುಟದಲ್ಲೇ, ಬಾಗಿಲಲ್ಲಿಟ್ಟಂಗೆ ಐತಿ ಸಾವ್ಕಾರ್ರೆ. ನಮ್ಮದರಲ್ಲಿ ಒಳಗೆಲ್ಲೋ ಐತಿ. ಅದೇ ಚೆಂದ ಅಂದ್ರಲ್ಲ, ಅದಕ್ಕೇ ಬೋರ್ಡನ್ನೂ ಒಳಗಿಟ್ಟೆ."

ಮಹಾರುದ್ರಪ್ಪ ಖಾಲಿ ಮೇಜುಗಳನ್ನು ನೋಡಿದ. ದನಿ ಇಳಿಯಿತು.

"ಬೋರ್ಡ್ ತಂದಿಡು. ವೆಬ್‌ಸೈಟೂ ಸರಿಮಾಡಿಸೋಣ. ಆದರೆ ಅಳಿಯನಿಗೆ ನೀನೇ ಹೇಳಪ್ಪ. ನನಗೂ ಮನೇಲಿ ಅನ್ನ ಬೇಕಲ್ಲ."