ನಡುಗರಸು ಯಾರದು?

ಬೆಟ್ಟವಿಲ್ಲ, ದೊಡ್ಡ ಮರಗಳಿಲ್ಲ, ಎತ್ತ ನೋಡಿದರೂ ಹುಲ್ಲೇ ಹುಲ್ಲು. ಮಕ್ಕಳೇ, ಅಂಥ ಒಂದು ಬಯಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಡು ಎಂದರೆ ಕತ್ತಲೆ, ಬಳ್ಳಿ, ಹುಲಿ ಎಂದುಕೊಂಡವರಿಗೆ ಇದು ಕಾಡೇ ಅಲ್ಲ ಅನ್ನಿಸಬಹುದು. ಆದರೆ ಚಿಗರಿಗಳನ್ನು ಕೇಳಿ ನೋಡಿ, ಜಗತ್ತಿನಲ್ಲಿ ಇದಕ್ಕಿಂತ ಚೆಂದದ ಕಾಡು ಇಲ್ಲವೇ ಇಲ್ಲ ಎನ್ನುತ್ತವೆ. ನಿಮ್ಮ ಪಾಠದ ಪುಸ್ತಕದಲ್ಲಿ ಕೃಷ್ಣಮೃಗ ಎಂದು ಬರೆದಿದೆಯಲ್ಲ, ಅವೇ ಈ ಚಿಗರಿಗಳು.

ಬಯಲಿನ ಮೂಡಣಕ್ಕೆ ಒಂದು ಹಿಂಡು, ಪಡುವಣಕ್ಕೆ ಇನ್ನೊಂದು. ಮೂಡಣದ ಹಿಂಡಿಗೆ ಸುರುಳಿಕೊಂಬ ಯಜಮಾನ. ಪಡುವಣದ ಹಿಂಡಿಗೆ ಕರಿಬೆನ್ನ ಯಜಮಾನ. ಎರಡರ ನಡುವೆ ಉದ್ದಕ್ಕೆ ಮಲಗಿದ್ದ ಕಲ್ಲುನೆಲವೇ ನಡುಗರಸು. ಗರಸು ಎಂದರೆ ಗೊತ್ತಲ್ಲ, ಕಾಲಿಗೆ ಚುಚ್ಚುವ ಸಣ್ಣ ಸಣ್ಣ ಕಲ್ಲು. ಅಲ್ಲಿ ಹುಲ್ಲು ಬೆಳೆಯುತ್ತಿರಲಿಲ್ಲ, ನೀರು ನಿಲ್ಲುತ್ತಿರಲಿಲ್ಲ. ಎರಡೂ ಹಿಂಡಿನವರು ಅದರ ಅಂಚಿನವರೆಗೆ ಮೇಯ್ದು ಹಿಂದಿರುಗುತ್ತಿದ್ದರು.

ಈ ಚಿಗರಿಗಳದ್ದೊಂದು ಪದ್ಧತಿ ಇತ್ತು. ಯಾವ ನೆಲ ತಮ್ಮದಾಗಬೇಕೋ ಆ ನೆಲವನ್ನು ಹಿಂಡಿಗೆ ಹಿಂಡೇ ಚಂಗನೆ ನೆಗೆಯುತ್ತಾ ದಾಟಬೇಕು. ಆಚೆ ಅಂಚಿನಲ್ಲಿ ಯಜಮಾನ ಹಿಕ್ಕೆ ಹಾಕಬೇಕು. ಅಲ್ಲಿಗೆ ಆ ನೆಲ ಅವರದು. ನಗಬೇಡಿ! ನಾವು ಗಡಿಗೆ ಕಲ್ಲು ನೆಡುತ್ತೇವೆ, ಅವು ಹಿಕ್ಕೆ ಹಾಕುತ್ತವೆ, ಅಷ್ಟೇ ವ್ಯತ್ಯಾಸ.

ಸುರುಳಿಕೊಂಬ ಕೆಟ್ಟವನೇನಲ್ಲ. ತೋಳ ಬಂದರೆ ಎಲ್ಲರಿಗಿಂತ ಹಿಂದೆ ಓಡುವವನು ಅವನು, ಮರಿಗಳೆಲ್ಲ ಮುಂದೆ ಹೋಗಲಿ ಎಂದು. ಆದರೆ ಅವನಿಗೆ ದಿಬ್ಬದ ಮೇಲೆ ನಿಂತು ನೋಡುವ ಚಟವಿತ್ತು. ಅಲ್ಲಿಂದ ಕಂಡಿದ್ದೇ ಸತ್ಯ, ಇಳಿದು ಹತ್ತಿರ ಹೋಗಿ ನೋಡುವ ಅಗತ್ಯವೇ ಇಲ್ಲ ಎಂದು ನಂಬಿದ್ದ.

ಬೇಸಿಗೆಯ ಒಂದು ಬೆಳಿಗ್ಗೆ ಅವನು ದಿಬ್ಬದ ಮೇಲಿಂದ ನೋಡುತ್ತಿದ್ದಾಗ, ಕರಿಬೆನ್ನ ನಡುಗರಸಿನ ಆಚೆ ಅಂಚಿನಲ್ಲಿ ನಿಂತು ಈಚೆಗೆ ನೋಡುತ್ತಿದ್ದುದು ಕಂಡಿತು. ಸುಮ್ಮನೆ ನೋಡುತ್ತಿದ್ದನೋ ಏನೋ. ಸುರುಳಿಕೊಂಬ ಮಾತ್ರ, ನೆಲ ಹಿಡಿಯಲೇ ಬಂದಿದ್ದಾನೆ ಎಂದುಕೊಂಡ. ಕೂಡಲೇ ಇಳಿದು ಬಂದು ಹಿಂಡನ್ನು ಸೇರಿಸಿದ.

"ನಡುಗರಸನ್ನು ನಾವು ತಗೊಳ್ಳಬೇಕು. ನಾವು ತಗೊಳ್ಳದಿದ್ದರೆ ನಾಳೆ ಅವರು ತಗೊಳ್ತಾರೆ. ಅಲ್ಲಿ ಯಾರಿದ್ದಾರೆ? ಬರೀ ಕಲ್ಲು!"

ಮಾತು ಮುಗಿಯುವ ಮೊದಲೇ ಎಳೆಗೊಂಬಿನ ಹುಡುಗರು ಕುಣಿಯತೊಡಗಿದರು. "ತಗೊಳ್ಳೋಣ! ನಮ್ಮ ಬಯಲು ಎಷ್ಟು ದೊಡ್ಡದಾಗುತ್ತೆ!"

ಒಂದು ಕೊಂಬು ಮುರಿದಿದ್ದ ಮುದುಕ ಚಿಗರಿ ತಲೆ ಕೊಡವಿದ. "ಬೇಡಪ್ಪಾ. ಇಂಥದ್ದೇ ಒಂದು ನೆಲಕ್ಕೆ ಹೋಗಿ ನಾನು ಈ ಕೊಂಬು ಕಳಕೊಂಡೆ. ಆ ನೆಲ ಈಗ ಯಾರ ಹತ್ತಿರ ಇದೆ ಅನ್ನೋದೂ ನನಗೆ ನೆನಪಿಲ್ಲ."

"ಅಲ್ಲಿ ಹುಲ್ಲೇ ಇಲ್ಲವಲ್ಲ, ಏನು ತಿನ್ನೋದು?" ಎಂದಿತು ಸದಾ ಮೆಲುಕು ಹಾಕುತ್ತಿದ್ದ ಒಂದು ದಪ್ಪ ಚಿಗರಿ.

ಕಾಡಿಗವ್ವ ಎಂಬ ತಾಯಿಚಿಗರಿಯೂ ಅಲ್ಲಿದ್ದಳು. ಕಣ್ಣಿಗೆ ಕಾಡಿಗೆ ತೀಡಿದಂತೆ ಕಾಣುತ್ತಿದ್ದುದರಿಂದ ಆ ಹೆಸರು. ಅವಳ ಎಳೆಗೂಸು ಆಗ ಹುಲ್ಲಿನೊಳಗೆ ಅಲ್ಲಾಡದೆ ಅಡಗಿ ಮಲಗಿತ್ತು. ಅವಳು ಮೆಲ್ಲಗೆ ಹೇಳಿದಳು, "ನನಗೆ ದೊಡ್ಡ ಬಯಲು ಬೇಡ. ಆದರೆ ಆ ಕಡೆಯ ಗಂಡುಗಳು ನಮ್ಮ ಅಂಚಿನಲ್ಲೇ ಬಂದು ನಿಂತರೆ ನನ್ನ ಕೂಸನ್ನು ಎಲ್ಲಿ ಮಲಗಿಸಲಿ? ಅದಕ್ಕಾಗಿ ತಗೊಳ್ಳೋದಾದರೆ ತಗೊಳ್ಳಿ."

ಪಡುವಣದಲ್ಲೂ ಅದೇ ಹೊತ್ತಿಗೆ ಇದೇ ಸಭೆ ನಡೆದಿತ್ತು ಎಂದರೆ ನಂಬುತ್ತೀರಾ? ಅಲ್ಲೂ ಕುಣಿಯುವವರಿದ್ದರು, ತಲೆ ಕೊಡವುವವರಿದ್ದರು, ಕೂಸಿಗಾಗಿ ಹೆದರುವವರಿದ್ದರು. ಪಾಪ, ಒಬ್ಬೊಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಆದರೆ ಎರಡು ಸಭೆಗೂ ಕರೆಯದೆ ಬಿಟ್ಟಿದ್ದು ಒಬ್ಬರನ್ನೇ, ನಡುಗರಸಿನಲ್ಲಿ ಸಂಸಾರ ಮಾಡಿಕೊಂಡಿದ್ದವರನ್ನು.

ಯಾರವರು? ತೇನೆಹಕ್ಕಿಗಳು. ಉದ್ದ ಹಳದಿ ಕಾಲಿನ, ಸದಾ ಗಡಿಬಿಡಿಯಲ್ಲಿರುವ ಹಕ್ಕಿಗಳು. ಅವು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತವೆ, ಮೊಟ್ಟೆಯೂ ಕಲ್ಲಿನಂತೆಯೇ ಇರುತ್ತದೆ. ಅದೇ ಅವಕ್ಕೆ ಬೇಲಿ, ಅದೇ ಬಾಗಿಲು. ಆ ಬೇಸಿಗೆಯಲ್ಲಿ ತೇನಕ್ಕನೆಂಬ ಹಕ್ಕಿ ನಡುಗರಸಿನ ನಟ್ಟನಡುವೆ ನಾಲ್ಕು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಸುತ್ತಮುತ್ತ ಅವಳ ನೆಂಟರ ಮೊಟ್ಟೆಗಳೂ ಇದ್ದವು.

ಸುದ್ದಿ ಅಲ್ಲಿಗೂ ಮುಟ್ಟಿತು. ಒಂದೇ ಗೂಡಿನಲ್ಲಿ ಎರಡು ಮಾತು ಹುಟ್ಟಿತು.

"ಬರಲಿ ಬಿಡು," ಎಂದ ತೇನಕ್ಕನ ಗಂಡ. "ಚಿಗರಿಗಳು ಓಡಾಡಿದರೆ ಮುಂಗುಸಿ ಈ ಕಡೆ ತಲೆ ಹಾಕಲ್ಲ. ನಮಗೂ ದೊಡ್ಡವರ ಆಸರೆ ಸಿಕ್ಕಂತಾಯಿತು."

"ಆಸರೆಗೂ ಕಾಲಿರುತ್ತೆ. ಆ ಕಾಲಿಗೆ ಗೊರಸಿರುತ್ತೆ," ಎಂದಳು ತೇನಕ್ಕ.

ಅವನನ್ನು ಮೊಟ್ಟೆಯ ಮೇಲೆ ಕೂರಿಸಿ ಅವಳು ದಿಬ್ಬದ ಮೇಲಿದ್ದ ಸುರುಳಿಕೊಂಬನ ಬಳಿಗೆ ಹಾರಿದಳು.

"ಯಜಮಾನರೇ, ಮಳೆ ಬೀಳುವವರೆಗೆ ನಡುಗರಸಿಗೆ ಬರಬೇಡಿ."

"ಯಾಕಮ್ಮಾ?"

ತೇನಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಜಾಲಿಗಿಡದಲ್ಲಿ ಕೂತಿದ್ದ ಕಾಗೆ ಕತ್ತು ವಾರೆ ಮಾಡಿದ್ದು ಕಾಣಿಸಿತು. ಮೊಟ್ಟೆಯ ಸುದ್ದಿಯನ್ನು ತೇನೆಹಕ್ಕಿ ತನ್ನ ನೆರಳಿಗೂ ಹೇಳುವುದಿಲ್ಲ. ಕಾಗೆ ಕೇಳುವಂತೆ ಹೇಳುವುದುಂಟೇ? ಅವಳು ಬಾಯಿ ಮುಚ್ಚಿಕೊಂಡಳು.

ಆಗ ಸುರುಳಿಕೊಂಬ ದಿಬ್ಬದಿಂದ ಇಳಿದು ಅವಳ ಜೊತೆ ಹೋಗಿ ನೋಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಪ್ರೀತಿಯಿಂದಲೇ ನಕ್ಕ. "ಹೆದರಬೇಡ ತೇನಕ್ಕಾ. ನಾಳೆಯಿಂದ ನೀನೂ ನಮ್ಮವಳೇ. ನಿನ್ನನ್ನು ನಾವು ನೋಡಿಕೊಳ್ತೀವಿ."

ಮರುದಿನ ಬಿಸಿಲೇರುವ ಹೊತ್ತಿಗೆ ಮೂಡಣದ ಹಿಂಡು ಸಾಲುಗಟ್ಟಿತು. ಎಲ್ಲರ ಮುಂದೆ ಸುರುಳಿಕೊಂಬ, ಹಿಂದೆ ಹುಡುಗರು, ಕೊನೆಗೆ ತಾಯಂದಿರು, ಗೊಣಗುತ್ತಾ ಮುದುಕ. ಸುರುಳಿಕೊಂಬ ಕೊಂಬು ಬೆನ್ನಿಗೆ ತಾಗುವಂತೆ ತಲೆಯೆತ್ತಿ ನಡುಗರಸಿಗೆ ನೆಗೆದ. ಒಂದು ನೆಗೆತ, ಇನ್ನೊಂದು ನೆಗೆತ. ಹಿಂಡು ಹಿಂದೆಯೇ ನುಗ್ಗಿತು.

"ಟೀ ಟೀ ಟೀ!" ತೇನಕ್ಕ ಮೇಲೆ ಹಾರಿ ಚೀರಿದಳು. ಅವರ ಮೂಗಿನ ಮುಂದೆಯೇ ಎರಗಿದಳು. ಆಮೇಲೆ ನೆಲಕ್ಕೆ ಬಿದ್ದು, ಒಂದು ರೆಕ್ಕೆ ಮುರಿದವಳ ಹಾಗೆ ಎಳೆಯುತ್ತಾ ಪಕ್ಕಕ್ಕೆ ಕುಂಟಿದಳು.

"ನೋಡಿ, ನಮ್ಮನ್ನು ಕಂಡು ಕುಣೀತಿದ್ದಾಳೆ!" ಎಂದು ಹುಡುಗರು ಹಿಗ್ಗಿದರು.

"ಬೈಯ್ತಿದ್ದಾಳೆ. ನಾನು ಆಗಲೇ ಹೇಳಿದೆ," ಎಂದ ಮುದುಕ.

ಪಡುವಣದ ಅಂಚಿನಲ್ಲಿ ನಿಂತಿದ್ದ ಕರಿಬೆನ್ನನಿಗೂ ಆ ಕೂಗು ಕೇಳಿಸಿತು. "ಪಾಪದ ಹಕ್ಕಿ, ಕಾಪಾಡಿ ಅಂತ ನಮ್ಮನ್ನೇ ಕರೀತಿದೆ! ಬನ್ನಿರೋ!" ಎಂದು ಅವನೂ ತನ್ನ ಹಿಂಡನ್ನು ಆಚೆಯಿಂದ ನುಗ್ಗಿಸಿದ.

ಯಾರಿಗೆ ಏನು ಬೇಕಿತ್ತೋ ಅದೇ ಆ ಕೂಗಿನಲ್ಲಿ ಕೇಳಿಸಿತು. ನೋಡಿ, ನನಗೆ ಕೋಪ ಬರುವುದು ಇಲ್ಲೇ. ಒಬ್ಬರಾದರೂ ನಿಂತು "ಏನಾಯಿತಮ್ಮಾ?" ಎನ್ನಬಾರದಿತ್ತೇ?

ನಿಂತವಳು ಕಾಡಿಗವ್ವ. ಎಳೆಯುವ ರೆಕ್ಕೆಯನ್ನು ಕಂಡದ್ದೇ ಅವಳಿಗೆ ತನ್ನ ಕೂಸು ನೆನಪಾಯಿತು. ಕೂಸು ಮಲಗಿದ ಹುಲ್ಲಿನ ಬಳಿ ತೋಳ ಸುಳಿದಾಗ, ಅವಳೂ ಹೀಗೆಯೇ ಕಾಲು ಮುರಿದವಳ ಹಾಗೆ ಕುಂಟಿ, ತೋಳವನ್ನು ತನ್ನ ಹಿಂದೆ ಎಳೆದುಕೊಂಡು ಹೋಗಿದ್ದಳು. ಕೂಸು ಹತ್ತಿರದಲ್ಲಿಲ್ಲದೆ ಯಾವ ತಾಯಿಯೂ ಹಾಗೆ ಕುಂಟುವುದಿಲ್ಲ.

"ನಿಲ್ಲಿ!" ಎಂದು ಅವಳು ಕಿರುಚಿದಳು. "ಎಲ್ಲರೂ ನಿಲ್ಲಿ! ಎತ್ತಿದ ಕಾಲು ಇಳಿಸಬೇಡಿ! ಇಲ್ಲಿ ಮೊಟ್ಟೆಗಳಿವೆ!"

ಆ ದನಿಗೆ ಎರಡೂ ಹಿಂಡು ಇದ್ದಲ್ಲೇ ನಿಂತವು. ಸುರುಳಿಕೊಂಬ ಕೆಳಗೆ ನೋಡಿದ. ಅವನ ಮುಂಗಾಲಿನ ಗೊರಸಿಗೆ ಏನೋ ಹಳದಿ ಅಂಟಿತ್ತು. ಅದರ ಕೆಳಗೆ ಎರಡು ಕಲ್ಲು ಒಡೆದಿದ್ದವು. ಕಲ್ಲು ಹಾಗೆ ಒಡೆಯುವುದಿಲ್ಲ.



ಈಗ ನೋಡಬೇಕಿತ್ತು ಆ ಗೆದ್ದವರ ಅವಸ್ಥೆ! ಒಬ್ಬ ಮೂರು ಕಾಲಲ್ಲಿ, ಒಬ್ಬ ಎರಡು ಕಾಲಲ್ಲಿ, ಕತ್ತು ಬಗ್ಗಿಸಿ ನೆಲವನ್ನೇ ನೋಡುತ್ತಾ ನಿಂತಿದ್ದರು. ಸುತ್ತ ಕಲ್ಲೇ ಕಲ್ಲು. ಯಾವುದು ಕಲ್ಲು, ಯಾವುದು ಮೊಟ್ಟೆ? ಯಾರಿಗೂ ತಿಳಿಯದು. ಈ ನೆಲ ತಮಗಾಗಲಿ ಎಂದು ನುಗ್ಗಿದ ಎರಡು ಹಿಂಡಿಗೂ ಆ ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ.

"ತೇನಕ್ಕಾ," ಎಂದಳು ಕಾಡಿಗವ್ವ, "ಎಲ್ಲೆಲ್ಲಿವೆ ಅಂತ ನೀನೇ ತೋರಿಸಬೇಕು."

ತೇನಕ್ಕ ಜಾಲಿಗಿಡದ ಕಡೆ ನೋಡಿದಳು. ಕಾಗೆ ಅಲ್ಲೇ ಇತ್ತು. ತೋರಿಸಿದರೆ ಕಾಗೆಗೂ ತಿಳಿಯುತ್ತದೆ, ತೋರಿಸದಿದ್ದರೆ ಗೊರಸಿಗೆ ಸಿಕ್ಕಿ ಎಲ್ಲವೂ ಹೋಗುತ್ತವೆ. ಹೆಜ್ಜೆಯಿಟ್ಟವರು ಬೇರೆ, ಸಂಕಟಕ್ಕೆ ಸಿಕ್ಕವಳು ಅವಳು. ಇದು ಎಲ್ಲಿಯ ನ್ಯಾಯ, ಹೇಳಿ?

ಅವಳು ರೆಕ್ಕೆ ಮಡಚಿ ಸುರುಳಿಕೊಂಬನ ಮುಂದೆ ಬಂದು ನಿಂತಳು.

"ತಪ್ಪಾಯಿತು ತಾಯಿ," ಎಂದು ಅವನು ಕಣ್ಣೀರು ಸುರಿಸಿದ. "ದಿಬ್ಬದಿಂದ ನೋಡಿದರೆ ಬರೀ ಕಲ್ಲು ಕಾಣ್ತಿತ್ತು."

"ಅಳೋದು ಆಮೇಲೆ. ಮೊದಲು ಬಲಗಾಲು ಎತ್ತು. ಈಚೆಗೆ ಇಡು. ಅಲ್ಲಲ್ಲ, ಇನ್ನೂ ಈಚೆಗೆ."

ಹೀಗೆ ಅವಳು ಮುಂದೆ ಮುಂದೆ ನಡೆದಳು. ಅವಳ ಪುಟ್ಟ ಹಳದಿ ಕಾಲು ಎಲ್ಲಿ ಬಿತ್ತೋ ಅಲ್ಲೇ ಯಜಮಾನನ ಗೊರಸು ಬೀಳಬೇಕು. ಅವನು ಅಂಚು ಮುಟ್ಟಿದ ಮೇಲೆ ಹಿಂದಿರುಗಿ ಇನ್ನೊಬ್ಬನನ್ನು ಕರೆತಂದಳು. ಅವಳ ನೆಂಟರೂ ಬಂದು ಒಬ್ಬೊಬ್ಬರನ್ನೇ ಸಾಗಹಾಕಿದರು. ಕರಿಬೆನ್ನನನ್ನೂ ಹಾಗೆಯೇ ಪಡುವಣದ ಅಂಚಿಗೆ ಮುಟ್ಟಿಸಬೇಕಾಯಿತು. "ನಾನು ಕಾಪಾಡೋಕೆ ಬಂದಿದ್ದೆ," ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಿದ್ದ. "ಗೊತ್ತು, ಎಡಗಾಲು ನೋಡಿಕೋ," ಎಂದಳು ತೇನಕ್ಕ.

ಎಲ್ಲರೂ ಹೊರಬೀಳುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆಸರೆ ಸಿಕ್ಕಿತೆಂದು ಹಿಗ್ಗಿದ್ದ ತೇನಕ್ಕನ ಗಂಡ ಉಳಿದ ಎರಡು ಮೊಟ್ಟೆಗಳ ಮೇಲೆ ಕೂತಿದ್ದ. ತೇನಕ್ಕ ಅವನನ್ನು ಬೈಯಲಿಲ್ಲ. ಪಕ್ಕದಲ್ಲಿ ಹೋಗಿ ಕೂತಳು. ಅವನು ಬಯಸಿದ್ದೂ ಮಕ್ಕಳ ಒಳ್ಳೆಯದನ್ನೇ ಅಲ್ಲವೇ?

ಅಷ್ಟರಲ್ಲಿ ಕಾಗೆ ಜಾಲಿಗಿಡದಿಂದ ಇಳಿಯಿತು. ಗೂಡಿರುವ ಜಾಗವನ್ನು ಅದು ಚೆನ್ನಾಗಿ ನೋಡಿಟ್ಟುಕೊಂಡಿತ್ತು.

ಅದು ಸುರುಳಿಕೊಂಬನ ಕಣ್ಣಿಗೆ ಬಿತ್ತು. ಅವನು ನಡುಗರಸಿನೊಳಗೆ ಕಾಲಿಡಲಿಲ್ಲ. ಅಂಚಿನಲ್ಲೇ ನಿಂತು, ನೆಲ ಕೆರೆದು, ಎಷ್ಟು ಜೋರಾಗಿ ಬುಸುಗುಟ್ಟಿದನೆಂದರೆ ಕಾಗೆ ಗಾಬರಿಬಿದ್ದು ಪಡುವಣಕ್ಕೆ ತಿರುಗಿತು. ಅಲ್ಲಿ ಕರಿಬೆನ್ನ ಕೊಂಬು ಬೀಸಿದ. ಅಂದಿನಿಂದ ಒಂದು ಅಂಚಿನಲ್ಲಿ ಇವನು, ಇನ್ನೊಂದು ಅಂಚಿನಲ್ಲಿ ಅವನು, ಬಿಸಿಲಿಗೆ ಬೆನ್ನೊಡ್ಡಿ ಕಾವಲು ನಿಂತರು. ಸುರುಳಿಕೊಂಬ ಮೇಯಲು ಹೋದಾಗ ಅವನ ಜಾಗದಲ್ಲಿ ಕಾಡಿಗವ್ವ ಬಂದು ನಿಲ್ಲುತ್ತಿದ್ದಳು.

ಹಿಂಡಿನವರ ವಾದವೇನೂ ನಿಲ್ಲಲಿಲ್ಲ ಎನ್ನಿ. "ಅಷ್ಟು ದೂರ ಹೋಗಿ ಹಿಂದೆ ಬಂದೆವಲ್ಲ!" ಎಂದು ಹುಡುಗರು ಪೇಚಾಡಿದರು. "ನಾನು ಆಗಲೇ ಹೇಳಿದೆ," ಎಂದು ಮುದುಕ ದಿನಕ್ಕೊಂದು ಸಲ ಹೇಳಿದ. ದಪ್ಪ ಚಿಗರಿ ಮೆಲುಕು ಹಾಕಿತು. ಒಂದೇ ಸಭೆಯಲ್ಲಿ ಎಲ್ಲರ ಮನಸ್ಸು ಬದಲಾಗಿಬಿಡುವುದು ಕತೆಯಲ್ಲಿ ಕೂಡ ಕಷ್ಟ.

ಮೊದಲ ಮಳೆ ಬಿತ್ತು. ನೆಂಟರ ಮೊಟ್ಟೆಗಳೆಲ್ಲ ಅಷ್ಟರಲ್ಲಿ ಮರಿಯಾಗಿದ್ದವು. ತೇನಕ್ಕನ ಎರಡೂ ಮೊಟ್ಟೆ ಒಡೆದು, ಹತ್ತಿಯುಂಡೆಗೆ ಕಾಲು ಬಂದಂಥ ಎರಡು ಮರಿಗಳು ಹೊರಬಂದವು. ಹೊರಬಂದ ಗಳಿಗೆಯಿಂದಲೇ ತಾಯಿಯ ಹಿಂದೆ ತುರುತುರು ಓಡತೊಡಗಿದವು.

ಅದನ್ನು ಕಂಡು ಒಬ್ಬ ಎಳೆಗೊಂಬಿನವನು ಸುರುಳಿಕೊಂಬನ ಬಳಿಗೆ ಓಡಿಬಂದ. "ಯಜಮಾನರೇ, ಈಗ ಒಡೆಯೋಕೆ ಮೊಟ್ಟೆ ಇಲ್ಲವಲ್ಲ. ಈಗ ನಡುಗರಸನ್ನು ತಗೊಳ್ಳೋಣವಾ?"

"ನನ್ನನ್ನೇಕೆ ಕೇಳ್ತೀ?" ಎಂದ ಸುರುಳಿಕೊಂಬ. "ಅಲ್ಲಿರೋಳನ್ನು ಕೇಳು."

ಹುಡುಗನಿಗೆ ನಾಚಿಕೆಯಾಯಿತು. ಆದರೂ ಅಂಚಿಗೆ ಹೋಗಿ ನಿಂತು, ಕತ್ತು ಉದ್ದ ಮಾಡಿ ಕೂಗಿದ. "ತೇನಕ್ಕಾ, ನಡುಗರಸು ನಮ್ಮದಾಗಬಹುದಾ?"

ತೇನಕ್ಕ ತಲೆಯೆತ್ತಿ ನೋಡಿದಳು. ಎರಡು ಮರಿಗಳೂ ತಲೆಯೆತ್ತಿ ನೋಡಿದವು.

"ಬೇಡಪ್ಪಾ," ಎಂದಳು ಅವಳು.

"ಸರಿ," ಎಂದು ಹುಡುಗ ಹುಲ್ಲಿನ ಕಡೆಗೆ ತಿರುಗಿ ಹೋದ.

ನೀತಿ: ದೂರದಿಂದ ಬರಿದಾಗಿ ಕಾಣುವ ನೆಲದಲ್ಲೂ ಯಾರದೋ ಮನೆಯಿರುತ್ತದೆ, ಅದು ನಮ್ಮದೋ ಅವರದೋ ಎಂದು ವಾದಿಸುವ ಮೊದಲು ಅಲ್ಲಿ ಬಾಳುತ್ತಿರುವವರನ್ನು ಕೇಳಬೇಕು, ಅವರು ಬೇಡವೆಂದರೆ ಆ ಮಾತಿಗೆ ಬೆಲೆ ಕೊಡಬೇಕು.